ಜವಾದನ ಗಾಡಿ

ನಲವತ್ತನೇ ದಿನದ ಊಟ ಮುಗಿದು, ಕುರಾನ್ ಓದಲು ಬಂದವರು ಕೈ ತೊಳೆಯುತ್ತಿದ್ದ ಹೊತ್ತಿಗೆ ಜವಾದ್ ಜೇಬಿನಿಂದ ಕೀ ತೆಗೆದು ಸುಫ್ಯಾನನ ಅಂಗೈಯಲ್ಲಿಟ್ಟು, ತಾನೇ ಅವನ ಬೆರಳುಗಳನ್ನು ಮಡಿಸಿದ.

“ನಿಮ್ಮಪ್ಪ ಕಡೇದಾಗಿ ಹತ್ತಿದ್ದು ಇದನ್ನೇ. ಇನ್ಮೇಲೆ ಇದು ನಿಂದು ಕಣೋ. ಗ್ಯಾರೇಜಿನ ಬ್ರೀಕ್ ರಿಪೇರಿ ಮಾಡ್ತಿದಾನೆ. ನಾಳೆ ಹೋಗಿ ತರೋಣ.”

ಗೋಡೆಗುಂಟ ದಿವಾನಗಳ ಮೇಲೆ ಕೂತಿದ್ದ ಗಂಡಸರು ತಲೆದೂಗಿದರು. “ಚಿಕ್ಕಪ್ಪ ಅಂದ್ರೆ ಹೀಗಿರಬೇಕು” ಎಂದ ಒಬ್ಬ. ಓದಲು ಬಂದಿದ್ದ ಫಕೀಹರು ಜವಾದನ ಕೈಗೆ ಬರಕತ್ತು ಕೋರಿದರು. ಸುಫ್ಯಾನ್ ಮುಷ್ಟಿಯನ್ನು ತೆರೆಯದೆ ಹಾಗೇ ನೋಡುತ್ತ ನಿಂತ. ಅಪ್ಪ ಸತ್ತ ಮೇಲೆ ಆ ಇಪ್ಪತ್ತರ ಹುಡುಗನ ಮುಖದಲ್ಲಿ ಮೊದಲ ಸಲ ಬೆಳಕು ಬಂದಿತ್ತು.

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವನ ಅಮ್ಮ ಹನಿಯಾ ಆ ಬೆಳಕನ್ನು ಕಂಡಳು. ಗಂಡಸರ ಕೋಣೆಗೆ ಅವಳು ಬರುವ ಹಾಗಿರಲಿಲ್ಲ. ಆದರೂ ವಿಧವೆಯ ಬಿಳಿ ಬಟ್ಟೆಯಲ್ಲೇ ಒಳಗೆ ನಡೆದು ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

“ಯಾವ ಗಾಡಿ?”

“ಅತ್ತಿಗೆ, ಇದು ಅಣ್ಣನ ನೆನಪಿಗೆ…”

“ಯಾವ ಗಾಡಿ ಅಂದೆ. ನನ್ನ ಗಂಡನ್ನ ಗೋಡೆಗೆ ಬಡೀತಲ್ಲ, ಅದೇನಾ?”

ಫಕೀಹರು ಗಂಟಲು ಸರಿ ಮಾಡಿಕೊಂಡರು. “ಮಗಳೇ, ಗಾಡಿ ಏನು ಮಾಡತ್ತೆ? ಇಪ್ಪತ್ತೆರಡು ವರ್ಷ ದಿನಾ ಮೊಪೆಡ್ ಓಡಿಸಿದ ಮನುಷ್ಯ ಮೀಲೂದ್. ಒಂದು ಸಲ ಬಿದ್ದವನಲ್ಲ. ಅಂಥವನೇ ಬಿದ್ದ ಅಂದ ಮೇಲೆ ಅದು ಬರೆದಿಟ್ಟಿದ್ದು.”

“ಬರೆದೋನು ದೇವರೇ ಇರಬಹುದು, ಫಕೀಹರೇ. ಕೀ ಕೊಟ್ಟೋನು ಮಾತ್ರ ಇವನು.”

ಪಕ್ಕದ ಕೋಣೆಯಿಂದ ಅತ್ತೆ ಲಲ್ಲಾ ಬತೂಲ್ ಗೋಡೆ ಹಿಡಿದುಕೊಂಡು ಬಂದು ಸೊಸೆಯ ತೋಳು ಹಿಡಿದರು. “ಒಬ್ಬನನ್ನ ಮಣ್ಣಿಗೆ ಕೊಟ್ಟಿದೀನಿ. ಉಳಿದೋನನ್ನೂ ಮನೆ ಬಿಟ್ಟು ಓಡಿಸ್ತೀಯೇನೇ? ನಡಿ ಒಳಗೆ.”

ಆ ಮುದಿ ಕೈಯನ್ನು ಕೊಡವಲು ಹನಿಯಾಗೆ ಮನಸ್ಸಾಗಲಿಲ್ಲ. ಹೊರಗೆ ಬಂದಳು. ಅಡುಗೆಮನೆಯಲ್ಲಿ ಕುಸ್‌ಕುಸ್‌ನ ದೊಡ್ಡ ಪಾತ್ರೆಯನ್ನು ಉಜ್ಜಿದಳು, ತಳ ಬೆಳ್ಳಗಾದ ಮೇಲೂ ಉಜ್ಜುತ್ತಲೇ ಇದ್ದಳು.

ಜವಾದ್ ಪ್ರತಿ ಬೇಸಿಗೆ ಫ್ರಾನ್ಸಿನ ಲಿಯೋಂನಿಂದ ಬರುತ್ತಿದ್ದ, ಹಡಗಿನಲ್ಲಿ ಸಮುದ್ರ ದಾಟಿ, ಕಾರಿನ ತುಂಬ ಸಾಮಾನು ಹೇರಿಕೊಂಡು. ಈ ವರ್ಷ ಕಾರು ಬಿಟ್ಟು ಈ ಕಪ್ಪು ಬೈಕಿನಲ್ಲಿ ಬಂದ. ಹೊಟ್ಟೆ ಅಡಿಯಾಗಿ ಮಲಗಿದಂತೆ ಬಗ್ಗಿ ಓಡಿಸುವ ಗಾಡಿ. ಓಣಿಯ ಮಕ್ಕಳೆಲ್ಲ ಅದನ್ನು ಮುಟ್ಟಲು ಸಾಲುಗಟ್ಟಿದರು. ಮೀಲೂದ್ ಅಂಗಡಿಯಿಂದ ತನ್ನ ಮೊಪೆಡ್ಡಿನ ಹಿಂದೆ ಎರಡು ಮೇಜು ಕಟ್ಟಿಕೊಂಡು, ಮರದ ಪುಡಿ ಮೆತ್ತಿದ ತಲೆಯಲ್ಲಿ ಬಂದಿಳಿದಾಗ ಜವಾದ್ ಎಲ್ಲರೆದುರು ಅಂದಿದ್ದ: “ಅಣ್ಣಾ, ನಿನ್ನ ಗಾಡಿ ಕತ್ತೆಗೂ ದಾರಿ ಬಿಡುತ್ತಂತಲ್ಲ!” ಎಲ್ಲರೂ ನಕ್ಕರು. ಹನಿಯಾ ಕೂಡ ನಕ್ಕಳು. ಮೀಲೂದ್ ನಗುತ್ತಲೇ ಕೈಚಾಚಿದ್ದ: “ಕೊಡೋ ಇಲ್ಲಿ. ನೀನು ಹುಟ್ಟೋ ಮುಂಚೆ ಗಾಡಿ ಹತ್ತಿದೋನು ನಾನು.” ಅದು ಸುಳ್ಳು, ಅವನು ಮೊಪೆಡ್ ಹತ್ತಿದಾಗ ತಮ್ಮ ಆಗಲೇ ಓದಲು ಹೋಗುತ್ತಿದ್ದ. ಜವಾದ್ ಕೀ ಕೊಟ್ಟ. ಅರ್ಧ ಗಂಟೆಯಲ್ಲಿ ಊರಿಕಾ ರಸ್ತೆಯಿಂದ ಯಾರೋ ಫೋನ್ ಮಾಡಿದರು. ಎದುರಿಗೆ ಲಾರಿಯಿಲ್ಲ, ಅಡ್ಡ ಬಂದ ಪ್ರಾಣಿಯಿಲ್ಲ. ತಿರುವಿನಲ್ಲಿ ಆಲಿವ್ ತೋಟದ ಗೋಡೆ ಮಾತ್ರ.

ಸತ್ತವನ ಮೇಲೂ ಅವಳಿಗೆ ಸಿಟ್ಟಿತ್ತು. ಅದನ್ನು ಯಾರ ಮುಂದೆ ಹೇಳುವುದು?

ಬೆಳಿಗ್ಗೆ ಎದ್ದು ನೋಡಿದರೆ ಸುಫ್ಯಾನನ ಹಾಸಿಗೆ ಖಾಲಿ. ಜವಾದನದ್ದೂ. ಹನಿಯಾ ಅಂಗಳದ ಮೂಲೆಯಿಂದ ತನ್ನ ಮೊಪೆಡ್ ಎಳೆದಳು.

“ಬಿಳೀಲಿ ಇದ್ದೀಯ! ನಾಲ್ಕು ತಿಂಗಳು ಹತ್ತು ದಿನ ತುಂಬದೆ ಹೊಸಲು ದಾಟ್ತೀಯಾ? ಜನ ಏನಂತಾರೆ?” ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಜನ ನಿನ್ನೆ ನಮ್ಮನೇಲೇ ಊಟ ಮಾಡಿ ಅಂದಿದ್ದಾಯ್ತಲ್ಲ, ಲಲ್ಲಾ. ದಾರಿ ಬಿಡಿ.”

ಬಾಬ್ ದುಕ್ಕಾಲಾ ಹೆಬ್ಬಾಗಿಲವರೆಗೂ ಜನ ತಿರುತಿರುಗಿ ನೋಡಿದರು. ಮರಾಕೆಶ್‌ನಲ್ಲಿ ಹೆಂಗಸರು ಮೊಪೆಡ್ ಓಡಿಸುವುದು ಯಾರಿಗೂ ಹೊಸತಲ್ಲ. ತಲೆಯಿಂದ ಕಾಲಿನವರೆಗೆ ಶೋಕದ ಬಿಳಿ ಉಟ್ಟವಳು ಹಾರ್ನ್ ಹೊಡೆದುಕೊಂಡು ಹೋಗುವುದು ಹೊಸತು.

ಬ್ರೀಕ್‌ನ ಗ್ಯಾರೇಜಿನಲ್ಲಿ ಕಪ್ಪು ಗಾಡಿಯ ಹಿಂದಿನ ಚಕ್ರವನ್ನು ನೆಲಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಚೈನು ನೋಡಲೆಂದು ಬ್ರೀಕ್ ಎಂಜಿನ್ ಶುರು ಮಾಡಿ ಗೇರಿಗೆ ಹಾಕಿ ಬಿಟ್ಟಿದ್ದ. ಚಕ್ರ ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಅವಳತ್ತ ಬೆನ್ನು ಹಾಕಿ ನಿಂತಿದ್ದ ಜವಾದ್ ಹುಡುಗನ ಹೆಗಲ ಮೇಲೆ ಕೈಯಿಟ್ಟು ಹೇಳಿಕೊಡುತ್ತಿದ್ದ.

“ಎರಡು ಬೆರಳಲ್ಲಿ ಬ್ರೇಕು. ಮುಷ್ಟಿ ಹಿಡಿದು ಅಮುಕಿದ್ಯೋ, ಹೋದೆ. ತಿರುವಿಗೆ ಮುಂಚೇನೇ ನಿಧಾನ ಮಾಡ್ಕೋಬೇಕು, ತಿರುವಿನೊಳಗಲ್ಲ. ಇದು ಒಂದಿನದಲ್ಲಿ ಬರೋದಲ್ಲ ಮರಿ. ಅಲ್ಲಿ ಲಿಯೋಂನಲ್ಲಿ ನನಗೆ ಇದನ್ನ ಮುಟ್ಟೋಕೂ ಬಿಡಲಿಲ್ಲ. ಎರಡು ವರ್ಷ ಕಮ್ಮಿ ಶಕ್ತಿಯ ಗಾಡಿ ಓಡಿಸು ಅಂದ್ರು. ಆಮೇಲೆ ಮತ್ತೆ ಪಾಠ, ಆಮೇಲೆ ಲೈಸೆನ್ಸು. ಆದ್ರೂ ಮೊದಲನೇ ವರ್ಷ ನಾನು ಎರಡು ಸಲ ಬಿದ್ದೆ.”

“ಎರಡು ವರ್ಷ” ಎಂದಳು ಹನಿಯಾ.

ಜವಾದ್ ತಿರುಗಿ ನೋಡಿ ಬಿಳಿಚಿಕೊಂಡ.

“ನಿನ್ನನ್ನ ಎರಡು ವರ್ಷ ಕಾಯಿಸಿದ್ರು. ಅವತ್ತು ನನ್ನ ಗಂಡನಿಗೆ ಏನು ಹೇಳಿಕೊಟ್ಟೆ? ಹೇಳು. ನಾನು ಪಕ್ಕದಲ್ಲೇ ನಿಂತಿದ್ದೆ, ನಂಗೊಂದೂ ಕೇಳಿಸಲಿಲ್ಲ. ಎರಡು ಬೆರಳು ಅಂದ್ಯಾ? ತಿರುವು ಅಂದ್ಯಾ?”

“ಅತ್ತಿಗೆ, ಅಣ್ಣ ಅಷ್ಟು ವರ್ಷ ಓಡಿಸಿದ್ದ…”

“ಏನನ್ನ? ಏನನ್ನ ಓಡಿಸಿದ್ದ?”

ಅವಳು ಸರಸರ ನಡೆದು ಕಪ್ಪು ಗಾಡಿಯ ಹಿಡಿಯನ್ನು ಹಿಡಿದಳು. ಬ್ರೀಕ್ “ಅಕ್ಕಾ, ಬೇಡ” ಅನ್ನುವಷ್ಟರಲ್ಲಿ, ದಿನಾ ತನ್ನ ಮೊಪೆಡ್ಡಿನಲ್ಲಿ ಮಾಡುವಂತೆ ಮಣಿಕಟ್ಟನ್ನು ಪೂರ್ತಿ ತಿರುಚಿದಳು. ಹಾಗೆ ಪೂರ್ತಿ ತಿರುಚದೆ ಇದ್ದರೆ ಆ ಮೊಪೆಡ್ ಸೇತುವೆ ಏರುತ್ತಿರಲಿಲ್ಲ. ಮೇಜು ಹೇರಿದ ಮೀಲೂದನದ್ದಂತೂ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಗಾಡಿ ಕಿರುಚಿತು. ಚಕ್ರ ಕಣ್ಣಿಗೆ ಕಾಣದಂತಾಯಿತು. ಸ್ಟ್ಯಾಂಡು ಅದುರಿತು, ಕಪಾಟಿನಿಂದ ಡಬ್ಬಿಗಳು ಉದುರಿದವು, ಅವಳ ಬಿಳಿ ಅಂಚಿಗೆ ಎಣ್ಣೆ ಸಿಡಿಯಿತು. ಬ್ರೀಕ್ ಹಾರಿ ಬಂದು ಆಫ್ ಮಾಡಿದ ಮೇಲೂ ಆ ಸದ್ದು ತಗಡಿನ ಸೂರಿನಲ್ಲಿ ಇದ್ದಂತೆಯೇ ಇತ್ತು. ಹನಿಯಾ ತನ್ನ ಕೈಯನ್ನು ನೋಡಿಕೊಂಡಳು. ಗಂಡನ ಕೈಯೂ ಹೀಗೇ ಪೂರ್ತಿ ತಿರುಚಿರಬೇಕು. ಬೇರೇನೂ ಅದಕ್ಕೆ ಗೊತ್ತಿರಲಿಲ್ಲ.

“ಇದು” ಎಂದಳು, ಅಂಗೈ ಎತ್ತಿ ತೋರಿಸಿ. “ಇದು ಅವರ ಇಪ್ಪತ್ತೆರಡು ವರ್ಷ.”

ಸುಫ್ಯಾನ್ ಚಕ್ರವನ್ನೇ ನೋಡುತ್ತಿದ್ದ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದ.

“ಅಪ್ಪಂಗೆ ಹೇಳಿದ್ರಾ ಚಿಕ್ಕಪ್ಪ? ಈಗ ನಂಗೆ ಹೇಳಿದ್ದು?”

“ಹೇಗೋ ಹೇಳ್ಲಿ?” ಜವಾದನ ದನಿ ಒಡೆಯಿತು. “ಅವನು ನನ್ನಣ್ಣ. ಸೈಕಲ್ ಕಲಿಸಿದೋನು ಅವನು. ಓಣಿ ಪೂರ್ತಿ ನಿಂತಿತ್ತು. ಅವರ ಮುಂದೆ, ಅಣ್ಣ, ನಿಂಗೆ ಬರಲ್ಲ ಕೊಡು ಅನ್ನಕ್ಕಾಗತ್ತಾ? ಮರ್ಯಾದೆ…”

“ಕತ್ತೆ ಅನ್ನುವಾಗ ಎಲ್ಲಿತ್ತೋ ಆ ಮರ್ಯಾದೆ?” ಹನಿಯಾ ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. “ಈಗ ನನ್ನ ಮಗನ ಕೈಗೆ ಕೊಡ್ತೀಯ. ಅಳು ನಿಲ್ಲಲಿ ಅಂತ. ಅವನ ಅಳಲ್ಲ, ನಿನ್ನ ಅಳು!”

ಜವಾದ್ ಗಾಡಿಯ ಪಕ್ಕ ಕುಸಿದು ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮೀಲೂದನೂ ದಣಿದಾಗ ಹಾಗೇ ಕೂರುತ್ತಿದ್ದ. ಅದನ್ನು ನೋಡಿ ಅವಳ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ.

“ಎರಡು ಸಲ ಬಿದ್ದಿದ್ದೆ ಅಂದ್ಯಲ್ಲ, ಅದನ್ನ ನಿಮ್ಮಮ್ಮಂಗೆ ನೀನೇ ಹೇಳಬೇಕು. ಇವತ್ತೇ. ಬರೆದಿಟ್ಟಿದ್ದು ಅಂತ ಆ ಮುದುಕಿ ನಲವತ್ತು ದಿನದಿಂದ ಜಪ ಮಾಡ್ತಿದಾಳೆ.”

ಸುಫ್ಯಾನ್ ಗಾಡಿಯಿಂದ ಕೀ ಕಿತ್ತು ಬ್ರೀಕ್‌ನ ಕೈಗೆ ಕೊಟ್ಟ. ಅವನ ಮುಖದಲ್ಲಿ ನಿನ್ನೆಯ ಬೆಳಕಿರಲಿಲ್ಲ. ಅದನ್ನು ಆರಿಸಿದವಳು ತಾನೇ ಎಂದು ಹನಿಯಾಗೆ ಗೊತ್ತಿತ್ತು. ಅವನು ಇದಕ್ಕಾಗಿ ಬಹಳ ದಿನ ತನ್ನನ್ನು ಕ್ಷಮಿಸದೆ ಇರಬಹುದು ಎಂಬುದೂ ಗೊತ್ತಿತ್ತು.

“ಹತ್ತು” ಎಂದಳು.

ಉದ್ದ ಕಾಲುಗಳನ್ನು ಮಡಚಿಕೊಂಡು ಅವನು ಮೊಪೆಡ್ಡಿನ ಹಿಂದೆ ಕೂತ. ಅವಳನ್ನು ಹಿಡಿದುಕೊಳ್ಳದೆ ಸೀಟಿನ ಅಂಚು ಹಿಡಿದ.

ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಸುತ್ತಲೂ ಮೊಪೆಡ್ಡುಗಳು ಬಂದು ಒತ್ತಿಕೊಂಡವು: ತರಕಾರಿ ಬುಟ್ಟಿ, ಗ್ಯಾಸ್ ಸಿಲಿಂಡರು, ಅಪ್ಪ ಅಮ್ಮನ ನಡುವೆ ಸಿಕ್ಕಿಕೊಂಡ ಮಗು. ದೀಪ ಹಸಿರಾಯಿತು. ಹಿಡಿಯ ಮೇಲಿದ್ದ ಹನಿಯಾಳ ಮಣಿಕಟ್ಟು ತಿರುಗಲಿಲ್ಲ. ಹಿಂದಿನಿಂದ ಹಾರ್ನುಗಳು ಶುರುವಾದವು. “ಹೋಗಮ್ಮಾ, ನಿದ್ದೆ ಬಂತಾ!” ಎಂದು ಯಾರೋ ಕೂಗಿದರು. ಅವಳು ಎರಡೂ ಕಾಲು ನೆಲಕ್ಕೂರಿ ಕೂತೇ ಇದ್ದಳು. ಜನ ಎಡಕ್ಕೂ ಬಲಕ್ಕೂ ಬೈಯುತ್ತ, ಬಿಳಿ ಬಟ್ಟೆ ಕಂಡು ಬೈಗುಳ ಅರ್ಧಕ್ಕೇ ನುಂಗುತ್ತ ದಾಟಿಹೋದರು. ಮಗ ಬೆನ್ನ ಹಿಂದೆ ಸೀಟಿನ ಅಂಚು ಬಿಟ್ಟಿರಲಿಲ್ಲ. ದೀಪ ಮತ್ತೆ ಕೆಂಪಾಯಿತು.