ಸಭೆಗೆ ಬಂದ ಮೆಣಸಿನಕಾಯಿ ಚೀಲ

ಶೇಖವ್ವನಿಗೆ ಮಾತು ಬರುವುದಿಲ್ಲ ಎಂದು ಬ್ಯಾಡಗಿಯಲ್ಲಿ ಯಾರಾದರೂ ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕಾರು. ಮೆಣಸಿನಕಾಯಿ ರಾಶಿಯ ಮುಂದೆ ತೊಟ್ಟು ಬಿಡಿಸಲು ಕುಳಿತಳೆಂದರೆ ಅವಳ ಬಾಯಿಗೆ ಬಿಡುವೆಂಬುದೇ ಇಲ್ಲ. ಯಾರ ಮನೆಯ ಸೊಸೆ ಯಾಕೆ ಮುನಿದಳು, ಅಂಗಡಿಯ ಸಾವಕಾರರು ಯಾವ ದಿನ ಯಾವ ಸುಳ್ಳು ಹೇಳಿದರು, ಎಲ್ಲವೂ ಹೊರಗೆ ಬರುತ್ತದೆ. ಅದೇ ಶೇಖವ್ವನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಮೈಕು ಇಟ್ಟರೆ ಮುಗಿಯಿತು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಹೋದ ವರ್ಷ ಹಾವೇರಿಯ ಸಭೆಯಲ್ಲಿ ಹೀಗೇ ಆಗಿತ್ತು. "ಎಲ್ಲಾರಿಗೂ ನಮಸ್ಕಾರ್ರಿ" ಎಂದವಳು ಮುಂದೆ ಉಸಿರೆತ್ತಲಿಲ್ಲ. ಆಗ ಕರಬಸಪ್ಪನವರು ಎದ್ದರು. ಕರಬಸಪ್ಪ ಕೆಟ್ಟವರಲ್ಲ. ಹೆಗಲ ಮೇಲೊಂದು ಶಾಲು, ಜಿಲ್ಲೆಯಲ್ಲಿ ಯಾವ ಹೋರಾಟವಿದ್ದರೂ ಹಾಜರು. ಆದರೆ ಸಭೆಯಲ್ಲಿ ಯಾರಾದರೂ ನೀರು ಕುಡಿಯಲು ಮಾತು ನಿಲ್ಲಿಸಿದರೂ ಸಾಕು, ತಮ್ಮನ್ನೇ ಕರೆದರೆಂದು ತಿಳಿಯುತ್ತಾರೆ. "ಶೇಖವ್ವನ ಪರವಾಗಿ ಎರಡು ಮಾತು" ಎಂದವರು ಮುಕ್ಕಾಲು ತಾಸು ಬಿಡಲಿಲ್ಲ. ಕೆಲಸದ ಹೆಂಗಸರು ಹಿಂದೊಮ್ಮೆ ತಮ್ಮ ಕೂಸುಗಳನ್ನು ಮಲಗಿಸಲು ಒಂದು ಖೋಲಿ ಗಿಟ್ಟಿಸಿಕೊಂಡ ಕಥೆ ಅವರ ಬಾಯಲ್ಲಿ ಮನವಿ, ಸ್ಪಂದನೆ, ಮಂಜೂರಾತಿ ಎಂದು ಒಣಗಿಹೋಯಿತು. ಆ ಹೋರಾಟ ಹೂಡಿದ ಮೆಹಬೂಬಿಯ ಹೆಸರು ಬರಲೇ ಇಲ್ಲ. ಮೆಹಬೂಬಿ ಎಂದರೆ ಶೇಖವ್ವನ ಪಕ್ಕದಲ್ಲೇ ಕುಳಿತು ಇಷ್ಟು ವರ್ಷ ತೊಟ್ಟು ಬಿಡಿಸಿದ ಗೆಳತಿ.

"ಇರಲಿ ಬಿಡ ಯವ್ವಾ, ನಮಗ ಗೊತ್ತೈತಲ್ಲ" ಎಂದಳು ಮೆಹಬೂಬಿ, ವಾಪಸ್ಸು ಬರುವ ಬಸ್ಸಿನಲ್ಲಿ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಶೇಖವ್ವನಿಗೆ.

ಅದಕ್ಕೇ ಈ ಸಲ ರಾಣೇಬೆನ್ನೂರಿಗೆ ಬರಲು ಒಪ್ಪಿದ್ದಳು. ಕಾಲೇಜಿನ ಅರುಣಾ ಮೇಡಂ ಲೇಖಕರನ್ನೂ ಹೋರಾಟಗಾರರನ್ನೂ ಒಟ್ಟಿಗೆ ಕೂರಿಸಿ, ಅವರವರ ಬದುಕನ್ನು ಅವರವರ ಬಾಯಿಂದಲೇ ಕೇಳುವ ಕಾರ್ಯಕ್ರಮ ಇಟ್ಟಿದ್ದರು. ಶೇಖವ್ವನಿಗೆ ಇದ್ದದ್ದು ಒಂದೇ ಆಸೆ. ಮೆಹಬೂಬಿ ಎದುರಿಗೆ ಕುಳಿತು ಕೇಳಬೇಕು, ತಾನು ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ಜೊತೆಗೆ ಕೆಲಸದ ಹೆಂಗಸರೆಲ್ಲ ಟೆಂಪೊ ಮಾಡಿಕೊಂಡು ಬಂದಿದ್ದರು. ಸಾವಕಾರರು ಪುಕ್ಕಟೆ ಸೂಟಿ ಕೊಡುವವರೇ? ಸಂಜೆಯೊಳಗೆ ಎರಡು ಸಣ್ಣ ಚೀಲ ಕಾಯಿ ತೊಟ್ಟು ಬಿಡಿಸಿ ತಂದುಕೊಡಬೇಕೆಂದು ಕರಾರು ಹಾಕಿದ್ದರು. ಭಾಷಣ ಮುಗಿದ ಮೇಲೆ ಎಲ್ಲಾದರೂ ಗಿಡದ ನೆರಳಲ್ಲಿ ಕೂತರಾಯಿತು ಎಂದು ಹೆಂಗಸರು ಎರಡೂ ಚೀಲಗಳನ್ನು ಟೆಂಪೊಗೆ ಹಾಕಿಕೊಂಡೇ ಬಂದಿದ್ದರು.

ಮೊದಲು ಹಾವೇರಿಯ ಕಾದಂಬರಿಕಾರ್ತಿ ಸುಧಾರಾಣಿ ಮಾತನಾಡಿದರು. ಮಾತನಾಡಿದರು ಅನ್ನುವುದಕ್ಕಿಂತ ಫೈಲು ತೆರೆದು ಓದಿದರು. ಹುಟ್ಟಿದ ಊರು, ಓದಿದ ಶಾಲೆ, ಬರೆದ ಪುಸ್ತಕ ಎಲ್ಲ ಸಾಲಾಗಿ ಬಂದವು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಶೇಖವ್ವ. "ಎಲ್ಲಾರಿಗೂ ನಮಸ್ಕಾರ್ರಿ" ಎಂದಳು. ಸಭಾಂಗಣ ಕಾಯಿತು. ಮೈಕು ಒಮ್ಮೆ ಕುಂಯ್‌ಗುಟ್ಟಿತು. ಅವಳಿಗೆ ಎಲ್ಲಿಂದ ಶುರು ಮಾಡಬೇಕು ಎಂಬುದೇ ಹೊಳೆಯಲಿಲ್ಲ. ಮುಂದಿನ ಸಾಲಿನಲ್ಲಿ ಕರಬಸಪ್ಪ ಶಾಲು ಸರಿಮಾಡಿಕೊಂಡರು. ಅಯ್ಯೋ ದೇವರೇ, ಮತ್ತೆ ಅದೇ ಆಯಿತಲ್ಲ ಎಂದು ಶೇಖವ್ವ ತಲೆ ತಗ್ಗಿಸಿದಳು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮೆಹಬೂಬಿ ನೋಡುತ್ತಿದ್ದದ್ದು ಗೆಳತಿಯ ಮುಖವನ್ನಲ್ಲ, ಕೈಗಳನ್ನು. ಅವು ಮಡಿಲಲ್ಲಿ ಸೆರಗಿನ ಅಂಚನ್ನು ಚಿವುಟುತ್ತಿದ್ದವು, ಇಲ್ಲದ ತೊಟ್ಟು ಮುರಿಯುತ್ತಿದ್ದವು.

"ಅಯ್ಯ, ಕೈ ಖಾಲಿ ಅದಾವಲ್ಲ! ಆಕಿಗೆ ಮಾತು ಹ್ಯಾಂಗ ಬರಬೇಕು?" ಎಂದು ಮೆಹಬೂಬಿ ಎದ್ದೇಬಿಟ್ಟಳು. "ಏಳ್ರೆ, ಚೀಲ ತರ್ರಿ."

ನಾಲ್ಕು ಮಂದಿ ಒಂದು ಚೀಲವನ್ನು ದರದರ ಎಳೆದು ತಂದರು. ವೇದಿಕೆಯ ಮೇಲೆ ತಾಡಪತ್ರಿ ಹಾಸಿ ಕಾಯಿ ಸುರಿದರು.

"ಏನ್ರೀ ಇದು! ಹಾಲ್ ಬಾಡಿಗಿದು ಐತ್ರೀ!" ಎಂದು ಅರುಣಾ ಮೇಡಂ ಓಡಿ ಬಂದರು.

"ಗಾಬರಿ ಆಗಬ್ಯಾಡ್ರಿ ಮೇಡಂ, ಹೋಗೂವಾಗ ಕಸಾ ಹೊಡದ ಹೋಗತೇವಿ" ಎಂದಳು ಮೆಹಬೂಬಿ.

ಮೇಲೆ ಫ್ಯಾನು ಭರ್ರನೆ ತಿರುಗುತ್ತಿದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಮೆಣಸಿನಕಾಯಿಯ ಧೂಳು ಎದ್ದು ನೇರ ಮುಂದಿನ ಸಾಲಿಗೆ ಹೋಯಿತು. ಕರಬಸಪ್ಪ ಎದ್ದು ನಿಂತು "ಶೇಖವ್ವನ ಪರವಾಗಿ..." ಎಂದರು. ಮುಂದಿನದು ಸೀನು. ಅದರ ಮುಂದಿನದೂ ಸೀನು. ನೋಡನೋಡುತ್ತ ಇಡೀ ಸಭೆ ಸೀನತೊಡಗಿತು. ಯಾರೋ ಫ್ಯಾನು ಆರಿಸುವ ಹೊತ್ತಿಗೆ ಎಲ್ಲರ ಕಣ್ಣಲ್ಲೂ ನೀರು, ಬಾಯಲ್ಲಿ ನಗು.

ಶೇಖವ್ವ ಕುರ್ಚಿ ಬಿಟ್ಟು ಇಳಿದಳು. ಸೀರೆ ಸಿಕ್ಕಿಸಿ ರಾಶಿಯ ಮುಂದೆ ಕುಳಿತಳು. ಒಂದು ಕಾಯಿ ತೆಗೆದು ತೊಟ್ಟು ಮುರಿದಳು. ಇನ್ನೊಂದು ಮುರಿದಳು. ಮೂರನೆಯದಕ್ಕೆ ಬಾಯಿ ತೆರೆಯಿತು.

"ಈ ಘಾಟು ನಿಮಗ ಒಂದು ಗಳಿಗಿ ತಡಿಯೂದಾಗಲಿಲ್ಲ ನೋಡ್ರಿ. ನಮ್ಮ ಕೂಸುಗಳು ದಿನಾ ಇದರಾಗ ಮಲಗತಿದ್ವು. ಅಳೂದು ಕೇಳಿಕೋತ ಕೆಲಸಾ ಮಾಡತಿದ್ವಿ. ಒಂದು ಖೋಲಿ ಕೊಡ್ರಿ ಅಂದ್ರ ಸಾವಕಾರ್ರು ಇವತ್ತು ನಾಳೆ ಅಂತ ವರ್ಷಾನ ಕಳದ್ರು. ಆವಾಗ ಇಕಿ, ಈ ಮೆಹಬೂಬಿ ಅಂದ್ಲು, ಅವರಿಗೂ ಒಂದು ದಿನಾ ಈ ಅಳು ಕೇಳಿಸೋಣು ಅಂತ."

ಪಕ್ಕದಲ್ಲೇ ಬಂದು ಕುಳಿತು ತೊಟ್ಟು ಬಿಡಿಸುತ್ತಿದ್ದ ಮೆಹಬೂಬಿ ತಲೆ ಮೇಲೆತ್ತಲಿಲ್ಲ. ಅವಳ ಬೆರಳುಗಳಷ್ಟೇ ಜೋರಾಗಿ ಓಡಿದವು.

"ಮರುದಿನ ಮುಂಜಾನೆ ಅಂಗಡ್ಯಾಗ ಸಾವಕಾರ್ರು ಕೂಡೂ ಗಾದಿ ಮ್ಯಾಲೆ ನಮ್ಮ ಕೂಸುಗಳನ್ನ ಸಾಲಾಗಿ ಮಲಗಿಸಿ ಕೆಲಸಕ್ಕ ಹ್ವಾದ್ವಿ. ಜಗಳಿಲ್ಲ, ಘೋಷಣಾ ಇಲ್ಲ. ಕೂಗೂದೆಲ್ಲ ಕೂಸುಗಳ ಪಾಲಿಗೆ ಬಿಟ್ವಿ. ಒಂದು ಕೂಸು ಗಾದಿ ತೋಯಿಸ್ತು. ಇಕಿ ಮಗಳು ಸಾವಕಾರ್ರ ಟೊಪಿಗಿ ಬಾಯಾಗ ಇಟಗೊಂಡು ಬಿಡವಲ್ದು. ಕಾಯಿ ಕೊಳ್ಳಾಕ ಬಂದ ಗಿರಾಕಿ ಬಾಗಲದಾಗ ನಿಂತು, ಸಾವಕಾರ್ರ, ದಂಧೆ ಯಾವಾಗ ಬದಲಿ ಮಾಡಿದ್ರಿ ಅಂದಾ!"

ಸಭೆ ಬಿದ್ದು ಬಿದ್ದು ನಕ್ಕಿತು. ಈಗ ಪಿಯುಸಿ ಓದುತ್ತಿರುವ, ತಾಯಿಯ ಜೊತೆಗೆ ಬಂದಿದ್ದ ಮೆಹಬೂಬಿಯ ಆ ಮಗಳು ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು.

ಕಥೆ ನೆಟ್ಟಗೆ ಹೋಗಲಿಲ್ಲ, ಹೋಗುವ ಜಾತಿಯದೂ ಅಲ್ಲ. ನಡುವೆ ಸುಧಾರಾಣಿ ಫೈಲು ಕುರ್ಚಿಯ ಮೇಲಿಟ್ಟು ತಾವೂ ಕೆಳಗೆ ಬಂದು ಕುಳಿತರು. ಎರಡು ಕಾಯಿ ಬಿಡಿಸಿದ್ದೇ ತಡ, ಫೈಲಿನಲ್ಲಿ ಇಲ್ಲದ್ದು ಅವರ ಬಾಯಿಂದಲೂ ಬಂತು.

"ನಮ್ಮ ಅತ್ತಿ ಕಾಳು ಆರಿಸಿಕೋತ ಊರ ಸುದ್ದಿ ಹೇಳತಿದ್ರು, ನಾ ರೊಟ್ಟಿ ಬಡಕೋತ ಕೇಳತಿದ್ದೆ. ನನ್ನ ಮೊದಲನೇ ಕಾದಂಬರಿ ಅಲ್ಲೇ ಹುಟ್ಟಿದ್ದು. ಅತ್ತಿ ಅದನ್ನ ಓದಿ ಏನಂದ್ರು ಗೊತ್ತೇನು? ನಾ ಹೇಳಿದ್ದು ಬಾಳ ಚಲೋ ಬಂದೈತಿ, ನಿನ್ನ ಮಾತಷ್ಟ ಸಪ್ಪಗ ಅದಾವ ಅಂದ್ರು!"

ನೋಡುತ್ತಿದ್ದ ಜನ ಒಬ್ಬೊಬ್ಬರೇ ವೇದಿಕೆ ಹತ್ತಿದರು. ಸಮಯ ಮುಗಿಯಿತೆಂದು ನೆನಪಿಸಲು ಬಂದ ಅರುಣಾ ಮೇಡಂ ಕೂಡ ಬಳೆ ಹಿಂದೆ ಸರಿಸಿ ಕುಳಿತರು. ಎಲ್ಲರ ಕೈ ಸೇರಿ ರಾಶಿ ಬೇಗ ಕರಗಿತು.

"ಅವತ್ತ ಮಧ್ಯಾಹ್ನಕ್ಕ ಸಾವಕಾರ್ರು ಕಂಕಳಾಗ ಒಂದು ಕೂಸು ಹೊತಗೊಂಡು ಬಂದು, ಮೆಹಬೂಬಿ, ಒಳಗ ಬಾರವಾ ಅಂದ್ರು," ಎಂದಳು ಶೇಖವ್ವ. "ಇಕಿ ಒಬ್ಬಾಕೀನ ಹ್ವಾದ್ಲು. ಹೊರಗ ಬರೂವಾಗ ಕೈಯಾಗ ಖೋಲಿ ಕೀಲಿಕೈ ಇತ್ತು. ಒಳಗ ಏನು ಮಾತಾತು ಅನ್ನೂದು ಇಕೀನ ಹೇಳಬೇಕು. ಹೇಳ ಮೆಹಬೂಬಿ."

ಮೆಹಬೂಬಿ ಬಾಯಿ ತೆರೆದಳು. ಕೈ ರಾಶಿಯ ಕಡೆಗೆ ಹೋಯಿತು. ಅಲ್ಲಿ ಬರೀ ತಾಡಪತ್ರಿ ಇತ್ತು. ಅವಳ ಕೈ ಅಲ್ಲೇ ನಿಂತಿತು, ಮಾತೂ ನಿಂತಿತು.

ಕರಬಸಪ್ಪ ಎದ್ದರು. ಕಥೆಯನ್ನು ಇಲ್ಲಿಯವರೆಗೆ ತಂದು ಈಗ ಅದು ಇವರ ಬಾಯಿಗೆ ಹೋಗುತ್ತದಲ್ಲ ಎಂದು ಶೇಖವ್ವನಿಗೆ ಅಳುವೇ ಬಂತು.

ಕರಬಸಪ್ಪ ಮೈಕನ್ನು ದಾಟಿ ಬಾಗಿಲಾಚೆ ಹೋದರು. ಸ್ವಲ್ಪ ಹೊತ್ತಿಗೆ ಶಾಲನ್ನು ಮೂಗಿಗೆ ಬಿಗಿದು, ಎರಡನೆಯ ಚೀಲವನ್ನು ತಾವೇ ಎಳೆಯುತ್ತ ಏದುಸಿರು ಬಿಡುತ್ತ ಬಂದರು. ರಾಶಿ ಸುರಿದು, ತಾಡಪತ್ರಿಯ ಅಂಚಿನಲ್ಲಿ ಕುಳಿತು, ಒಂದು ಕಾಯಿ ಕೈಗೆತ್ತಿಕೊಂಡರು.

"ಮೆಹಬೂಬಿಯವರ," ಎಂದರು, "ಹೂಂ, ಹೇಳ್ರಿ. ಒಳಗ ಏನಾತು?"