ಸುತ್ತಿ ಹೋಗುವ ಕಾಲಾಳು

ಟೈಲ್ಸ್ ಮೇಸ್ತ್ರಿಗೆ ಸೊಟ್ಟ ಕಂಡರೆ ಆಗುತ್ತಿರಲಿಲ್ಲ. ಕೂದಲೆಳೆಯಷ್ಟು ಸಂದು ಹೆಚ್ಚಾದರೂ ಕೂರಿಸಿದ್ದನ್ನು ಕಿತ್ತು ಮತ್ತೆ ಕೂರಿಸುವ ಆಸಾಮಿ ಅವನು. ಅಂಥವನ ಮಗಳು ಗುಬ್ಬಿಗೇ ನೆಟ್ಟಗೆ ನಡೆಯಲು ಬರುವುದಿಲ್ಲ ಎಂದರೆ ಅವನ ಸಂಕಟ ಎಷ್ಟಿರಬೇಡ! ಅಡುಗೆಮನೆಯಿಂದ ಬೀದಿಬಾಗಿಲಿಗೆ ಬರಲು ನಡುಮನೆ ದಾಟಿದರೆ ಸಾಕು. ಗುಬ್ಬಿ ಮಾತ್ರ ಗೋಡೆಗೆ ಒತ್ತಿಕೊಂಡು ಬಂದು ಬೀರುವಿನ ಮೂಲೆಗೆ ಹಣೆ ಬಡಿಸಿಕೊಳ್ಳುತ್ತಿದ್ದಳು. ಒಂದು ಬುಗುಟು ಇಳಿಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. "ಕಣ್ಣೇನು ನೆತ್ತಿ ಮೇಲಿದ್ಯಾ?" ಎಂದು ರೇಗುತ್ತಿದ್ದ, ಆಮೇಲೆ ತಾನೇ ಕೂತು ಎಣ್ಣೆ ಹಚ್ಚುತ್ತಿದ್ದ.

ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಹೆಂಡತಿಯ ಕಾಯಿಲೆಯೂ ಹೀಗೇ, ಅಲ್ಲಿ ಇಲ್ಲಿ ತಾಗಿಸಿಕೊಳ್ಳುವುದರಿಂದಲೇ ಶುರುವಾಗಿತ್ತು. ತಲೆಯೊಳಗೆ ಗಡ್ಡೆ ಎಂದಿದ್ದರು. ಹಾಸಿಗೆ ಹಿಡಿದವಳು ಏಳಲೇ ಇಲ್ಲ. ಈ ಬೇಸಿಗೆಯಲ್ಲಿ ಹೋಗಿಬಿಟ್ಟಳು. ಮಗಳಿಗೂ ಅದೇ ಬಂತೇ ಎಂಬ ಭಯವನ್ನು ಯಾರ ಹತ್ತಿರವೂ ಬಾಯಿಬಿಡದೆ ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಪಕ್ಕದ ಬೀದಿಯ ಮೇಡಂ ಒಬ್ಬರು ಪುಟ್ಟ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತಿದ್ದರು. ಎಡ ಬಲ, ಹಿಂದೆ ಮುಂದೆ, ಹತ್ತಿರ ದೂರ ಎಲ್ಲವೂ ಮಕ್ಕಳಿಗೆ ಆಟದಲ್ಲೇ ಬರುತ್ತದಂತೆ. ಸ್ಕ್ಯಾನಿಂಗಿಗೆ ಹೋಗುವ ಧೈರ್ಯ ಸಾಲದೆ ಮೇಸ್ತ್ರಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದ.

ಕಾರ್ ಶೆಡ್ಡಿನ ನೆಲದ ಮೇಲೆ ದೊಡ್ಡ ಚೌಕಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಮಕ್ಕಳೇ ಕಾಯಿಗಳು. ಗುಬ್ಬಿ ಆನೆಯಾದಾಗ ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೆಟ್ಟಗೆ ನಡೆದಳು. ಒಂಟೆಯಾದಾಗ ಓರೆಯಾಗಿ ಹೋದಳು, ಒಂದು ಚೌಕವೂ ತಪ್ಪಲಿಲ್ಲ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮೇಸ್ತ್ರಿ ಬಾಯಿ ತೆರೆದುಕೊಂಡು ನೋಡಿದ.

"ಇವಳಿಗೇನಾಗಿದೆ ಅಂತ ಕರ್ಕೊಂಡು ಬಂದ್ರಿ?" ಮೇಡಂ ನಕ್ಕರು. "ನನಗಿಂತ ಚೆನ್ನಾಗಿ ನಡೀತಾಳೆ."

"ಮನೇಲಿ ನೋಡ್ಬೇಕು ಮೇಡಂ ನೀವು."

"ಹಂಗಾದ್ರೆ ಮನೇನೇ ತರಿಸೋಣ ಬಿಡಿ."

ಅದು ಅವರ ಒಂದು ಪಾಠ. ಚದುರಂಗದ ಮಣೆಯ ಮೇಲೆ ಕಾಯಿಗಳನ್ನಿಟ್ಟು ಮಕ್ಕಳು ತಮ್ಮ ಮನೆ ಕಟ್ಟಬೇಕು, ಆಮೇಲೆ ಕಾಲಾಳನ್ನು ಅಡುಗೆಮನೆಯಿಂದ ಬಾಗಿಲಿಗೆ ನಡೆಸಬೇಕು. ಗುಬ್ಬಿ ಆನೆಯನ್ನು ಇಟ್ಟು ಇದು ಬೀರು ಎಂದಳು. ಬಾಗಿಲಲ್ಲಿ ರಾಜ, ಅಪ್ಪ. ನಟ್ಟನಡುವೆ ಮಂತ್ರಿಯನ್ನು ಅಡ್ಡ ಮಲಗಿಸಿದಳು.

"ಮಿಸ್, ಇವಳ ಮಂತ್ರಿ ಬಿದ್ದೋಯ್ತು!" ಪಕ್ಕದ ಹುಡುಗಿ ಕೂಗಿದಳು.

"ಬಿದ್ದಿಲ್ಲ. ಅಮ್ಮ ಅದು," ಎಂದು ಗುಬ್ಬಿ ಕಾಲಾಳನ್ನು ಮಂತ್ರಿಗೆ ತಾಗದಂತೆ ಅಂಚಿನಲ್ಲಿ ಸುತ್ತಿಸಿ, ಬೀರುವಿಗೆ ಒಮ್ಮೆ ಕುಟ್ಟಿಸಿ ಬಾಗಿಲಿಗೆ ತಂದಳು.

ಮೇಡಂ ಮೇಸ್ತ್ರಿಯನ್ನು ಮೆಲ್ಲಗೆ ಕೇಳಿದರು, "ಅಲ್ಲಿ ಏನಿದೆ ನಿಮ್ಮನೇಲಿ?"

"ಏನಿಲ್ಲ ಮೇಡಂ." ಮೇಸ್ತ್ರಿ ಸ್ಟೂಲಿನಿಂದ ಎದ್ದು ಮಲಗಿದ್ದ ಮಂತ್ರಿಯನ್ನು ನೋಡಿದ. "ಮಂಚ ಇತ್ತು."

ಫ್ಯಾನಿನ ಕೆಳಗಿರಲಿ ಎಂದು ಹೆಂಡತಿಯ ಮಂಚವನ್ನು ನಡುಮನೆಯ ಮಧ್ಯೆ ಹಾಕಿದ್ದ. ಅವಳು ತೀರಿಕೊಂಡ ದಿನ ಮಗುವನ್ನು ಅದರ ಸೋದರತ್ತೆಯ ಮನೆಗೆ ಕಳಿಸಿ, ವಾಪಸ್ಸು ಬರುವಷ್ಟರಲ್ಲಿ ಮಂಚವನ್ನೂ ಸಾಗಹಾಕಿದ್ದ. ಕಂಡರೆ ಮಗು ಅಳುತ್ತದೆ ಎಂದು. ಮಗು ಏನೂ ಕೇಳಲಿಲ್ಲ, ಇವನೂ ಏನೂ ಹೇಳಲಿಲ್ಲ. ಊರವರ ನೆಲದ ಸೊಟ್ಟವನ್ನೆಲ್ಲ ಹುಡುಕುವ ಮಹಾಶಯನಿಗೆ ತನ್ನ ಮನೆಯ ನೆಲದ ಮೇಲೆ ನಡೆಯುತ್ತಿದ್ದುದು ಕಾಣಲೇ ಇಲ್ಲ.

ಗಡ್ಡೆಯಿಲ್ಲ ಎಂದು ಒಂದು ಉಸಿರು ಹಗುರವಾಯಿತು. ಅದರ ಬೆನ್ನಿಗೇ ಬಂದ ದುಃಖವನ್ನು ಅವನು ಮನೆಯವರೆಗೂ ಹಲ್ಲು ಕಚ್ಚಿ ಹೊತ್ತುಕೊಂಡು ಬಂದ. ನಡುಮನೆಯ ಬಾಗಿಲಲ್ಲಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಗುಬ್ಬಿ, ಅಮ್ಮ ಸತ್ತೋದ್ಲು ಕಣೇ. ಅಲ್ಲಿ ಯಾರೂ ಇಲ್ಲ."

"ಗೊತ್ತು."

"ಮತ್ಯಾಕೆ ಸುತ್ತಿ ಹೋಗಿ ಹಣೆ ಒಡ್ಕೋತೀಯ?"

ಅವಳಿಗೆ ಆಶ್ಚರ್ಯವಾಯಿತು. "ನೀನೂ ಹಂಗೇ ಹೋಗ್ತೀಯಲ್ಲಪ್ಪ?"

ಅವನು ನೆಲ ನೋಡಿದ. ತಾನೇ ಕೂರಿಸಿದ ಟೈಲ್ಸು. ಗೋಡೆಯ ಬದಿಯಲ್ಲಿ ಕಾಲು ತಾಗಿ ತಾಗಿ ಸವೆದು ಹೊಳೆಯುತ್ತಿತ್ತು. ನಡುವೆ, ಮಂಚದಗಲದಷ್ಟು ಜಾಗದಲ್ಲಿ ಧೂಳು ಕೂತಿತ್ತು. ಅವಳು ಹೋದ ಮೇಲೆ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ, ಪೊರಕೆ ಹಿಡಿದು ಗುಡಿಸುತ್ತಿದ್ದ ಅವನೂ.

"ಆನೆ ಥರ ಹೋಗೋಣ್ವಾ?" ಗುಬ್ಬಿ ಕೈ ಹಿಡಿದಳು. "ನೆಟ್ಟಗೆ?"

ಅವನು ಎದ್ದು ಕಾಲು ಎತ್ತಿದ. ಧೂಳಿನ ಅಂಚಿನವರೆಗೆ ತಂದ. ಅಲ್ಲಿಂದ ಮುಂದಕ್ಕೆ ಇಡಲಾಗಲಿಲ್ಲ. ಮಗಳ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ.

"ನಾಳೆ ಹೋಗೋಣ ಗುಬ್ಬಿ."

"ಹೂಂ," ಎಂದು ಅವಳು ಗೋಡೆಯ ಕಡೆ ತಿರುಗಿದಳು. ಅವನು ಹಿಂದೆಯೇ ನಡೆದ. ಬೀರು ಬಂದಾಗ ಕೈ ಚಾಚಿ ಅದರ ಮೂಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡ, ಅವಳು ದಾಟಿ ಹೋಗುವವರೆಗೆ.