ಎರಡು ಬೆರಳು, ನಾಲ್ಕು ಭಾನುವಾರ

ವೀರಬಸಪ್ಪನ ಬಲಗೈಯ ಕೊನೆಯ ಎರಡು ಬೆರಳು ಮುರಿದದ್ದು ಎಪ್ಪತ್ತೊಂಬತ್ತರ ಆಷಾಢದ ಒಂದು ಭಾನುವಾರ, ಯಶವಂತಪುರದ ಗರಡಿಯಲ್ಲಿ. ಮುರಿದವನು ಹೆಬ್ಬಾಳದ ವಾಜಿದ್. ಬೇಕೆಂದು ಮುರಿದದ್ದಲ್ಲ. ಕುಸ್ತಿಯಲ್ಲಿ ಬೆರಳು ಹಿಡಿಯುವುದಾದರೆ ನಾಲ್ಕನ್ನೂ ಸೇರಿಸಿ ಹಿಡಿಯಬೇಕು, ಒಂದೆರಡನ್ನು ಹಿಡಿದು ತಿರುಚಬಾರದು ಎನ್ನುವುದು ಗರಡಿಗೆ ನಿನ್ನೆ ಮೊನ್ನೆ ಬಂದವನಿಗೂ ಗೊತ್ತು. ಬೆವರಿಗೆ ವಾಜಿದನ ಹಿಡಿತ ಜಾರಿತು, ಕೈಗೆ ಸಿಕ್ಕಿದ್ದು ಎರಡೇ. ಅಷ್ಟರಲ್ಲಿ ವೀರಬಸಪ್ಪ ಪಟ್ಟು ಬಿಡಿಸಿಕೊಳ್ಳಲು ಹೊರಳಿದ. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು.

ಗರಡಿಯ ವಸ್ತಾದ್ ರಾಮಕೃಷ್ಣಪ್ಪನೇ ಮೂಳೆ ಕೂಡಿಸುವವನೂ ಹೌದು. ಬೆರಳನ್ನು ಎಳೆದು ಕೂರಿಸಿ, ಬಿದಿರಿನ ಸೀಳು ಇಟ್ಟು, ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸತೊಡಗಿದ.

"ಬ್ಯಾಡ್ರೀ ವಸ್ತಾದ್ರ, ನಾವು ತತ್ತಿ ಮುಟ್ಟೂದಿಲ್ಲ" ಎಂದು ವೀರಬಸಪ್ಪ ನೋವಿನಲ್ಲೂ ಕೈ ಹಿಂದಕ್ಕೆಳೆದ.

"ತಿನ್ನೋಕಲ್ಲ ಕಣೋ, ಕಟ್ಟೋಕೆ! ಬೆರಳು ತಿನ್ಕೊಳ್ಳುತ್ತೆ, ನೀನ್ ಬೇಕಾದ್ರೆ ಉಪವಾಸ ಇರು."

ಎಲ್ಲರೂ ನಕ್ಕರು. ವಾಜಿದ್ ಒಬ್ಬ ನಗಲಿಲ್ಲ.

ನಗುವಂಥದ್ದೇನೂ ಇರಲಿಲ್ಲ ನಿಜಕ್ಕೂ. ವೀರಬಸಪ್ಪ ಜಮಖಂಡಿ ಕಡೆಯವನು. ಕುಸ್ತಿಯ ಹೆಸರು ಕೇಳಿಯೇ ಇಲ್ಲಿನ ಒಂದು ಫ್ಯಾಕ್ಟರಿಯವರು ತಮ್ಮ ಕುಸ್ತಿ ತಂಡಕ್ಕೆಂದು ಅವನನ್ನು ಟೆಂಪರರಿ ಸೇರಿಸಿಕೊಂಡಿದ್ದರು. ದಸರೆಯ ಪಂದ್ಯದಲ್ಲಿ ಗೆದ್ದರೆ ಪರ್ಮನೆಂಟು, ಇಲ್ಲದಿದ್ದರೆ ಮಾರ್ಚಿಗೆ ಊರ ದಾರಿ. ಮುಷ್ಟಿ ಮುಚ್ಚದ ಪೈಲ್ವಾನನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಗೊರಗುಂಟೆಪಾಳ್ಯದ ವಠಾರದಲ್ಲಿ ಅವನದು ಒಂದೇ ಕೋಣೆ. ಬಂದು ಎರಡು ವರ್ಷವಾಗಿದ್ದರೂ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಫ್ಯಾಕ್ಟರಿಯಲ್ಲಿ ಅವನು 'ಜಮಖಂಡಿ', ಮನೆಯೊಡತಿ ದ್ರೌಪದಮ್ಮನಿಗೆ 'ಪೈಲ್ವಾನ್ರು'. ಭಾನುವಾರ ಮಧ್ಯಾಹ್ನ ಯಶವಂತಪುರ ಸ್ಟೇಷನ್ನಿಗೆ ಹೋಗಿ ಹುಬ್ಬಳ್ಳಿ ಗಾಡಿಯ ಪಕ್ಕ ನಿಲ್ಲುತ್ತಿದ್ದ. ಹತ್ತಬೇಕೆಂದಲ್ಲ. ಡಬ್ಬಿಯೊಳಗಿಂದ ಯಾರಾದರೂ "ಸರೀರಿ, ಜಾಗಾ ಬಿಡ್ರಿ" ಅಂದದ್ದು ಕಿವಿಗೆ ಬಿದ್ದರೆ ವಾರಕ್ಕೆ ಅಷ್ಟು ಸಾಕಾಗುತ್ತಿತ್ತು. ಇಷ್ಟು ದೊಡ್ಡ ಮೈಯೊಳಗೆ ಇಷ್ಟು ಒಂಟಿತನ ಇದೆಯೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಅವನೂ ಯಾರಿಗೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ವಠಾರದ ಬಾಗಿಲಲ್ಲಿ ಸೈಕಲ್ ಬೆಲ್ ಆಯಿತು. ವಾಜಿದ್! ಹೆಬ್ಬಾಳದಲ್ಲಿ ಅವನಿಗೊಂದು ಸೈಕಲ್ ರಿಪೇರಿ ಅಂಗಡಿ. ಭಾನುವಾರವೇ ಅಲ್ಲಿ ಗಿರಾಕಿ ಜಾಸ್ತಿ. ಅದಕ್ಕೆ ಬೀಗ ಹಾಕಿ ಬಂದಿದ್ದ.

"ಒಂದ್ ಕೈಲಿ ಬೆನ್ ಹೆಂಗ್ ಉಜ್ಕೋತೀಯ ಗುರು? ಏಳು."

ಬಾವಿಯಿಂದ ನೀರು ಸೇದಿದ, ಬೆನ್ನು ಉಜ್ಜಿದ, ಬಟ್ಟೆ ಒಗೆದು ಹರವಿದ. ಆಮೇಲೆ ಡಬ್ಬಿ ಬಿಚ್ಚಿದ. "ಅಮ್ಮಿ ಕೊಟ್ಳು. ಹೊಸ ಪಾತ್ರೇಲಿ ಮಾಡಿದಾಳೆ. ಬರೀ ಬೇಳೆ, ಹೆದರ್ಬೇಡ." ಕೊನೆಗೆ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಊದಿದ ಜಾಗವನ್ನು ಮೆಲ್ಲಗೆ ಒತ್ತಿ ನೋಡಿದ. "ನೋವಾಯ್ತಾ?"

"ಸ್ವಲ್ಪ" ಎಂದ ವೀರಬಸಪ್ಪ. ಅವತ್ತು ಸ್ಟೇಷನ್ನಿಗೆ ಹೋಗುವುದು ಅವನಿಗೆ ಮರೆತೇಹೋಯಿತು.

ಮೂರು ವಾರಕ್ಕೆ ಕಟ್ಟು ಬಿಚ್ಚಿದ ವಸ್ತಾದ್ ಬೆರಳು ಚಾಚಿ ಎಚ್ಚರಿಸಿದ: "ಇನ್ನು ಸುಮ್ನೆ ಬಿಟ್ರೆ ಗೆಣ್ಣು ಕಲ್ಲಾಗುತ್ತೆ. ಬಿಸಿನೀರಲ್ಲಿ ಅದ್ದಿ ದಿನಾ ನೂರು ಸಲ ಮುಷ್ಟಿ ಮುಚ್ಚಿ ತೆರೀಬೇಕು. ನೋವಾದ್ರೂ ಬಿಡ್ಬೇಡ." ವೀರಬಸಪ್ಪ ನೂರಕ್ಕೆ ಇನ್ನೂರು ಸಲ ಮಾಡಿದ. ಹದಿನೈದನೆಯ ದಿನ, ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೂತಿದ್ದಾಗ, ಕಿರುಬೆರಳು ಅಂಗೈ ಮುಟ್ಟಿತು. ಅವನಿಗೆ ಕುಣಿಯಬೇಕೆನಿಸಿತು. ಸುತ್ತ ನೋಡಿದ, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಇರಲಿ, ನಾಳಿದ್ದು ಭಾನುವಾರ.

ಭಾನುವಾರ ವಾಜಿದ್ ಬಂದವನೇ ಕೊಡ ಕೈಗೆತ್ತಿಕೊಂಡು, "ಇನ್ನೇನು ಗುರು, ನಿನ್ ಮುಷ್ಟಿ ಮುಚ್ಚಿದ್ರೆ ನಾನೂ ಭಾನುವಾರ ಅಂಗಡಿ ತೆಗೀತೀನಿ. ಅಮ್ಮಿ ದಿನಾ ಬೈತಿದಾಳೆ. ಎಲ್ಲಿ, ತೋರ್ಸು" ಎಂದ.

ಆ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ವೀರಬಸಪ್ಪನಿಗೆ ಮುಂದಿನ ಭಾನುವಾರಗಳೆಲ್ಲ ಖಾಲಿ ಕಂಡವು. ಕೈ ಮುಂದೆ ಚಾಚಿದ. ಮೊದಲೆರಡು ಬೆರಳು ಮಡಿಸಿದ, ಉಳಿದೆರಡನ್ನು ಅರ್ಧಕ್ಕೇ ನಿಲ್ಲಿಸಿದ.

"ನೋವಾಯ್ತಾ?"

"ಹೂಂನೋ. ಭಾಳ."

ಒಂದು ಸುಳ್ಳು ಸಾಕಲು ನೂರು ಸುಳ್ಳು ಬೇಕು ಅನ್ನುತ್ತಾರೆ. ವೀರಬಸಪ್ಪನಿಗೆ ಒಂದು ಬಟ್ಟೆಪಟ್ಟಿ ಸಾಕಾಯಿತು. ಅಭ್ಯಾಸ ಮಾಡಿದರೆ ವಾಜಿದನೆದುರು ಬೆರಳು ತಾನಾಗಿ ಮಡಚಿಕೊಂಡೀತೆಂದು ಹೆದರಿ, ಎರಡನ್ನೂ ನೆಟ್ಟಗೆ ಸೇರಿಸಿ ಪಟ್ಟಿ ಸುತ್ತಿದ. ವಾಜಿದ್ ಕೇಳಿದ್ದಕ್ಕೆ, ಮುಷ್ಟಿ ಮಾಡಿ ಮಾಡಿ ಬಂದ ನೋವಿಗೆ ಕಟ್ಟಿದ್ದು ಎಂದ. ದಸರೆಗೆ ಇನ್ನೂ ದಿನ ಇದೆ, ಕೊನೆಗೆ ಒಂದು ವಾರ ಒತ್ತಿದರಾಯಿತು ಎಂದುಕೊಂಡ. ಬುದ್ಧಿಗೇಡಿ! ನಾಲ್ಕು ಭಾನುವಾರ ಹೀಗೇ ನಡೆಯಿತು. ವಾಜಿದ್ ನೀರು ಸೇದಿದ, ಬೇಳೆ ತಂದ, "ನೋವಾಯ್ತಾ" ಎಂದು ಕೇಳಿದ. ವೀರಬಸಪ್ಪ ನೋವಿಲ್ಲದ ಕೈ ಹಿಡಿದುಕೊಂಡು ನೋವೆಂದ. ಅವನ ಬದುಕಿನ ಸುಖದ ದಿನಗಳನ್ನು ಎಣಿಸಿದರೆ ಈ ನಾಲ್ಕೂ ಅದರಲ್ಲಿ ಬರುತ್ತವೆ.

ಐದನೆಯ ಭಾನುವಾರ ವಾಜಿದ್ ತಾಳ್ಮೆಗೆಟ್ಟು, ಅವನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗರಡಿಗೆ ತಂದ. ವಸ್ತಾದ್ ಪಟ್ಟಿ ಬಿಚ್ಚಿ ಬೆರಳನ್ನು ಒತ್ತಿದ. ವೀರಬಸಪ್ಪ ಕಿರುಚಿದ. ಈ ಸಲ ಅದು ನಾಟಕವಾಗಿರಲಿಲ್ಲ.

"ದಿನಾ ಮುಷ್ಟಿ ಮಾಡಿದ್ನೇನೋ ಇವ್ನು?"

"ಮಾಡಿದಾನೆ ವಸ್ತಾದ್" ಎಂದು ವಾಜಿದನೇ ಉತ್ತರಿಸಿದ. "ಮಾಡೋವಾಗ ಎಷ್ಟ್ ನೋವು ಅಂತ ನಾನೇ ನೋಡಿದೀನಿ."

ವಸ್ತಾದ್ ಕೈ ಬಿಟ್ಟ. "ಗೆಣ್ಣು ಕಲ್ಲಾಗಿದೆ. ಇನ್ನು ಮುಚ್ಚಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವೀರಬಸಪ್ಪ ಬೆರಳು ನೋಡುತ್ತ ಕೂತ. ವಾಜಿದ್ ಅಖಾಡದ ಅಂಚಿಗೆ ಹೋಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, "ಇವನ್ ಅನ್ನ ಕಿತ್ಕೊಂಡ ಕೈ ಇದು. ಇನ್ ಮೇಲೆ ನಾನ್ ಮಣ್ಣಿಗೆ ಇಳಿಯಲ್ಲ ವಸ್ತಾದ್" ಎಂದ.

ವೀರಬಸಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬದುಕಿರುವವರೆಗೂ ಪ್ರತಿ ಭಾನುವಾರ ಆ ಸೈಕಲ್ ಬೆಲ್ ಕೇಳುತ್ತಿತ್ತು. ಆ ಆಸೆ ಅವನಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಗರಡಿಯ ಗೇಟಿನವರೆಗೆ ಅದನ್ನು ಹೊತ್ತುಕೊಂಡೇ ನಡೆದು, ಅಲ್ಲಿ ಬಾಯಿಬಿಟ್ಟ.

"ವಾಜಿದ್, ನಿನ್ ತಪ್ಪಲ್ಲೋ. ಕೈ ಆವಾಗ್ಲೇ ಸುದ್ದ ಆಗಿತ್ತು. ನಾನ ಕಟ್ಟಿ ಇಟ್ಟೆ."

"ಯಾಕೆ?"

"ಸುದ್ದ ಆದ್ರ ನೀ ಬರೂದಿಲ್ಲ ಅಂದ್ಯಲ್ಲ."

ವಾಜಿದ್ ಸೈಕಲ್ಲಿನ ಹ್ಯಾಂಡಲ್ ಹಿಡಿದ. "ಬಾ ಅಂದಿದ್ರೆ ಬರ್ತಿರ್ಲಿಲ್ವೇನೋ?" ಎಂದ. ಸ್ಟ್ಯಾಂಡ್ ಒದ್ದು ಸೈಕಲ್ ಹತ್ತಿ ಹೋಗಿಬಿಟ್ಟ.

ಆಮೇಲಿನ ಭಾನುವಾರ ಬೆಲ್ ಆಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಎಡಗೈಯಲ್ಲಿ ನೀರು ಸೇದುತ್ತಿದ್ದವನನ್ನು ದ್ರೌಪದಮ್ಮ, "ಎಲ್ರೀ ಪೈಲ್ವಾನ್ರೇ, ನಿಮ್ ತಮ್ಮ ಬರ್ಲಿಲ್ಲ?" ಎಂದು ಕೇಳಿದಳು. "ಕೆಲಸ ಐತ್ರೀ ಅವಗ" ಎಂದ. ಫ್ಯಾಕ್ಟರಿಯ ತಂಡದ ಪಟ್ಟಿಯಿಂದ ಅವನ ಹೆಸರು ತೆಗೆದರು.

ದಸರೆಯ ಪಂದ್ಯಕ್ಕೆ ನೋಡುವವನಾಗಿ ಹೋದ. ಜನರ ಹಿಂದೆ ನಿಂತ. ವಾಜಿದ್ ಮಣ್ಣಿಗೆ ಇಳಿದಿದ್ದ, ಏಳೇ ನಿಮಿಷಕ್ಕೆ ಎದುರಾಳಿಯನ್ನು ಚಿತ್ ಮಾಡಿದ. ವೀರಬಸಪ್ಪನಿಗೆ ಕಣ್ಣು ತುಂಬಿ ಬಂತು. ತಾನು ಬಾಯಿಬಿಟ್ಟದ್ದಕ್ಕೆ ಇಷ್ಟಾದರೂ ಆಯಿತಲ್ಲ.

ಗೆದ್ದವನು ಸುತ್ತು ಹಾಕಿ ಎಲ್ಲರ ಕೈ ಮುಟ್ಟುವುದು ವಾಡಿಕೆ. ವಾಜಿದ್ ಬರುತ್ತ ಬರುತ್ತ ಹಿಂದಿನ ಸಾಲಿಗೂ ಬಂದು ಅವನೆದುರು ನಿಂತ. ವೀರಬಸಪ್ಪ ನಾಚಿ ಎಡಗೈ ಚಾಚಿದ.

"ಬಲಗೈ ಕೊಡು."

ಕೊಟ್ಟ. ವಾಜಿದ್ ನಾಲ್ಕೂ ಬೆರಳನ್ನು ಸೇರಿಸಿ, ಮಣ್ಣಾದ ಅಂಗೈಯಲ್ಲಿ ಬಿಗಿಯಾಗಿ ಹಿಡಿದ. ಕಲ್ಲಾದ ಎರಡು ಗೆಣ್ಣಿನಿಂದ ಭುಜದವರೆಗೆ ನೋವು ಹರಿಯಿತು.

"ನೋವಾಯ್ತಾ?"

"ಇಲ್ಲೋ" ಎಂದ ವೀರಬಸಪ್ಪ.

ವಾಜಿದ್ ಕೈ ಬಿಟ್ಟು ಪಕ್ಕದವನ ಕಡೆ ತಿರುಗಿದ.